ಎಎಂಎಲ್ (ಒಂದು ರಕ್ತಕ್ಯಾನ್ಸರ್) ಕೋಶದಲ್ಲಿ ಸಿಡಿಸಿ42 ಪ್ರೋಟೀನ್ ಒಂದು ಬದಿಗೆ ಸೇರುತ್ತಿಲ್ಲ: ರೋಗದ ಗುಣವೋ, ಸ್ಟೇನಿಂಗ್ ತೊಂದರೆಯೋ?

ಪ್ರಶ್ನೆ (ಮಂಗಳೂರು):
ನಮಸ್ಕಾರ. ಎಎಂಎಲ್ ರೋಗಿಗಳ ಅಸ್ಥಿಮಜ್ಜೆಯ ಸಿಡಿ34 (ಎಳೆಯ ರಕ್ತಕೋಶದ ಗುರುತು) ಇರುವ ಕೋಶಗಳಲ್ಲಿ ಸಿಡಿಸಿ42, ಟ್ಯೂಬ್ಯುಲಿನ್ (ಕೋಶದ ಒಳಗಿನ ಮೈಕ್ರೋಟ್ಯೂಬ್ಯೂಲ್ ಎಂಬ ನಳಿಕೆಗಳ ಪ್ರೋಟೀನ್) ಎರಡಕ್ಕೂ ಬಣ್ಣ ಹಾಕಿ ನೋಡುತ್ತಿದ್ದೇವೆ. ಎರಡೂ ನ್ಯೂಕ್ಲಿಯಸ್ಸಿನ ಸುತ್ತ ಬಳೆಯ ಹಾಗೆ ಸಮನಾಗಿ ಕಾಣುತ್ತವೆ. ಆರೋಗ್ಯವಂತರ ಕೋಶದಲ್ಲೂ ಅದೇ ಬಳೆ. ಮಾದರಿ ಉಡುಪಿಯಿಂದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ ರಾಸಾಯನಿಕ) ಟ್ಯೂಬಿನಲ್ಲಿ, ಐಸ್ ಪೆಟ್ಟಿಗೆಯಲ್ಲಿ ಬರುತ್ತದೆ. ಪಾಲಿಲೈಸಿನ್ ಎಂಬ ಅಂಟು ಹಚ್ಚಿದ ಸ್ಲೈಡಿಗೆ ಸೈಟೋಸ್ಪಿನ್ (ಗಿರಗಿರ ತಿರುಗಿಸಿ ಕೋಶ ಕೂರಿಸುವುದು), ಆಮೇಲೆ ಕೋಶವನ್ನು ಇದ್ದ ಹಾಗೇ ಫಿಕ್ಸ್ ಮಾಡಲು ಫ್ರಿಜ್ಜಿನಿಂದ ತೆಗೆದ 4% ಪಿಎಫ್‌ಎ. ಎಂತ ತಪ್ಪಾಗುತ್ತಿರಬಹುದು?

ಉತ್ತರ 1:
ಕಂಟ್ರೋಲಿನಲ್ಲೂ ಬಳೆ ಇದ್ದ ಮೇಲೆ ರೋಗದ ಮಾತು ಸದ್ಯ ಬದಿಗಿರಲಿ. ಮೊದಲ ಅನುಮಾನ ಐಸಿನ ಮೇಲೆ. ಚಳಿಗೆ ಮೈಕ್ರೋಟ್ಯೂಬ್ಯೂಲ್ ಕಳಚಿಕೊಂಡು ಟ್ಯೂಬ್ಯುಲಿನ್ ಕೋಶವಿಡೀ ಹರಡುತ್ತದೆ, 55–60 ಕಿ.ಮೀ. ದಾರಿ ಅದಕ್ಕೆ ಧಾರಾಳ ಸಾಕು. ಹಾಗಂತ ಇಲ್ಲಿನ ಬೇಸಿಗೆಯಲ್ಲಿ ಪೆಟ್ಟಿಗೆ ಬರಿದಾಗಿ ಕಳಿಸುವುದೂ ಸರಿಯಲ್ಲ. 20–22 ಡಿಗ್ರಿಗೆ ತಂದ ಜೆಲ್ ಪ್ಯಾಕ್ ಇಡಿ.

ಎರಡನೆಯದು ಹಿಡಿತ. ಪಾಲಿಲೈಸಿನ್ ಕೋಶವನ್ನು ಬರೀ ವಿದ್ಯುದಾವೇಶದಿಂದ ಅಂಟಿಸುತ್ತದೆ, ಸೈಟೋಸ್ಪಿನ್ ಅದನ್ನು ದೋಸೆಯ ಹಾಗೆ ಚಪ್ಪಟೆ ಮಾಡುತ್ತದೆ. ಬದಲಿಗೆ ಕವರ್‌ಸ್ಲಿಪ್‌ಗೆ ಪ್ರತಿ ಮಿ.ಲೀ.ಗೆ 20 ಮೈಕ್ರೋಗ್ರಾಂ ಫೈಬ್ರೊನೆಕ್ಟಿನ್ (ಕೋಶಗಳು ಸಹಜವಾಗಿ ಹಿಡಿಯುವ ಪ್ರೋಟೀನ್) ಹಚ್ಚಿ, 37 ಡಿಗ್ರಿಯಲ್ಲಿ ಒಂದು ಗಂಟೆ. ಕೋಶದ ಮೇಲಿನ ಇಂಟೆಗ್ರಿನ್ ಎಂಬ ಪ್ರೋಟೀನ್ ಅದನ್ನು ಹಿಡಿಯಲು ಕ್ಯಾಲ್ಸಿಯಮ್, ಮೆಗ್ನೀಸಿಯಮ್ ಬೇಕು, ಇಡಿಟಿಎ ಎರಡನ್ನೂ ಕಸಿಯುತ್ತದೆ. ಆದ್ದರಿಂದ ಕೋಶಗಳನ್ನು ಮೀಡಿಯಾದಲ್ಲಿ ಎರಡು ಸಲ ತೊಳೆದು, 37 ಡಿಗ್ರಿಯಲ್ಲಿ ಎರಡು ಗಂಟೆ ಕೂರಲು ಬಿಡಿ. ಪಿಎಫ್‌ಎಯನ್ನೂ 37 ಡಿಗ್ರಿಗೆ ಬಿಸಿ ಮಾಡಿಯೇ ಹಾಕಿ, 15 ನಿಮಿಷ. ಆಮೇಲೆ ಬಣ್ಣ ಒಳಗಿಳಿಯಲು 0.2% ಟ್ರೈಟಾನ್.

ಒಂದು ಕವರ್‌ಸ್ಲಿಪ್ ಮಾತ್ರ ಬೇಕೆಂದೇ ಒಂದು ಗಂಟೆ ಐಸಿನಲ್ಲಿಟ್ಟು ಫಿಕ್ಸ್ ಮಾಡಿ. ಅದರಲ್ಲಿ ನಿಮ್ಮ ಹಳೆಯ ಬಳೆಯೇ ಮರಳಿದರೆ ಕಾರಣ ಸಿಕ್ಕಿತು.

ಪ್ರಶ್ನೆ ಕೇಳಿದವರು:
ಸರಿಯಾಯಿತು ಮಾರಾಯ್ರೆ! ಕಂಟ್ರೋಲಿನ ಬಹಳಷ್ಟು ಕೋಶಗಳಲ್ಲಿ ಈಗ ಟ್ಯೂಬ್ಯುಲಿನ್ ಒಂದು ಬದಿಗಿದೆ. ಎಎಂಎಲ್‌ನಲ್ಲಿ ಮಾತ್ರ ಬಳೆಯೇ ಹೆಚ್ಚು. ಇನ್ನು ಧ್ರುವೀಯತೆ (ಒಂದು ಬದಿಗೆ ಸೇರುವ ಗುಣ) ಹೋಗಿದೆ ಎನ್ನಬಹುದಾ?

ಉತ್ತರ 2:
ಅವಸರ ಬೇಡ ಮೇಡಂ. ಸ್ಲೈಡಿನ ಹೆಸರು ಮುಚ್ಚಿ ಬೇರೆಯವರಿಂದ ಎಣಿಸಿ, ಮಾದರಿಗೆ ಕನಿಷ್ಠ 50 ಕೋಶ, 0.5 ಮೈಕ್ರಾನ್ ಅಂತರದಲ್ಲಿ ಪದರ ಪದರವಾಗಿ ತೆಗೆದ ಝಡ್-ಸ್ಟ್ಯಾಕ್‌ನಲ್ಲಿ. ವಿಭಜನೆಯಲ್ಲಿರುವ ಕೋಶಗಳನ್ನು ಡ್ಯಾಪಿ (ಡಿಎನ್ಎಗೆ ಹಾಕುವ ಬಣ್ಣ) ನೋಡಿ ಬಿಟ್ಟುಬಿಡಿ. ದಾನಿಗಳ ವಯಸ್ಸು ಹೊಂದುತ್ತದೆಯೇ ಎಂಬುದು ಇನ್ನೂ ಮುಖ್ಯ: ಮುದಿ ಇಲಿಯ ರಕ್ತದ ಕಾಂಡಕೋಶದಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿಡಿಸಿ42 ಚಟುವಟಿಕೆ ಏರಿ ಧ್ರುವೀಯತೆ ಹೋಗುತ್ತದೆ, ಸಿಡಿಸಿ42 ತಡೆಯುವ ಕ್ಯಾಸಿನ್ ಎಂಬ ರಾಸಾಯನಿಕ 5 ಮೈಕ್ರೋಮೋಲಾರ್ ಕೊಟ್ಟರೆ ಮರಳುತ್ತದೆ ಎಂದು 2012ರಲ್ಲೇ ತೋರಿಸಿದ್ದಾರೆ. 25ರ ದಾನಿಯನ್ನು 65ರ ರೋಗಿಯ ಪಕ್ಕ ಇಟ್ಟರೆ ನೀವು ಅಳೆಯುವುದು ವಯಸ್ಸನ್ನೂ ಆಗಬಹುದು.

ಸ್ಟೇನಿಂಗ್ ಜಾಗವನ್ನು ಹೇಳುತ್ತದೆ, ಚಟುವಟಿಕೆಯನ್ನಲ್ಲ. ಚಟುವಟಿಕೆ ಅಳೆಯಲು, ಜಿಟಿಪಿ ಕಟ್ಟಿಕೊಂಡ ಚುರುಕಾದ ಸಿಡಿಸಿ42ನ್ನು ಮಾತ್ರ ಹಿಡಿದೆಳೆಯುವ ಪಾಕ್-ಪಿಬಿಡಿ ಪುಲ್‌ಡೌನ್ ಮಾಡಲೇಬೇಕು. ಜಿಟಿಪಿ ಬೇಗ ಒಡೆಯುವುದರಿಂದ ಈ ಪರೀಕ್ಷೆಗೆ ಕೋಶ ಒಡೆಯುವಾಗ ಮಾತ್ರ ಐಸ್ ಬೇಕೇ ಬೇಕು, ಲೈಸಿಸ್ ಬಫರಿನಲ್ಲಿ ಮೆಗ್ನೀಸಿಯಮ್ಮೂ ಇರಲಿ.