ಸಹಾಯ ಬೇಕು: ರಕ್ತದ ಎಲೈಸಾದಲ್ಲಿ ನನ್ನ ರಕ್ತವೂ ಪಾಸಿಟಿವ್!

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಮೂತ್ರದಲ್ಲಿ ಡ್ರಗ್ಸ್ ನೋಡುವುದು ನಮಗೆ ರೂಢಿ, ಕಾರ್ಡಿಗೆ ಮೂರು ತೊಟ್ಟು ಬಿಟ್ಟರೆ ಮುಗೀತು. ಈಗ ಮಾರ್ಫಿನ್ ಗುಂಪನ್ನು ರಕ್ತದಲ್ಲೇ ನೋಡಬೇಕು ಅಂತ ನಮ್ಮ ಸರ್ ಎಲೈಸಾ (ಆ್ಯಂಟಿಬಾಡಿ ಬಳಸಿ, ಬಣ್ಣ ನೋಡಿ ಡ್ರಗ್ ಪತ್ತೆ ಮಾಡುವ ಪರೀಕ್ಷೆ) ಕಿಟ್ ತರಿಸಿದ್ದಾರೆ. ಅಲ್ಲಿಂದ ಶುರುವಾಯ್ತು ನನ್ನ ಗೋಳು.

ಇದು ಕಾಂಪಿಟಿಟಿವ್ ಎಲೈಸಾ, ಅಂದ್ರೆ ಸ್ಯಾಂಪಲ್‌ನ ಡ್ರಗ್ಗೂ ಕಿಟ್‌ನ ಡ್ರಗ್ಗೂ ಒಂದೇ ಆ್ಯಂಟಿಬಾಡಿಗೆ ಪೈಪೋಟಿ ಮಾಡುತ್ತವೆ. ಡ್ರಗ್ ಜಾಸ್ತಿ ಇದ್ದಷ್ಟೂ ಬಣ್ಣ ಕಮ್ಮಿ. ಮೊದಲ ದಿನ ಉಲ್ಟಾ ಓದಿ ಬೈಸಿಕೊಂಡೆ, ಅದು ಬೇರೆ ಕಥೆ. ತೊಂದರೆ ಏನಂದ್ರೆ, ನನ್ನದೇ ರಕ್ತ ಹಾಕಿದರೂ ವೆಲ್‌ನಲ್ಲಿ (ಪ್ಲೇಟಿನ ಗುಳಿಯಲ್ಲಿ) ಹಳದಿ ಪೇಲವವಾಗಿ ಬರುತ್ತದೆ. 450 ನ್ಯಾನೊಮೀಟರ್‌ನಲ್ಲಿ ಓದಿದರೆ ಪಾಸಿಟಿವ್. ನಾನು ಕೊಡೀನ್ (ಇದೂ ಮಾರ್ಫಿನ್ ಗುಂಪಿನದೇ) ಇರುವ ಕೆಮ್ಮಿನ ಸಿರಪ್ ಕೂಡ ಕುಡಿದವನಲ್ಲ!

ರಕ್ತವನ್ನು ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್‌ನಲ್ಲೇ ತೆಗೆದೆ. ಸೆಂಟ್ರಿಫ್ಯೂಜ್ ಮಾಡಿದೆ, ಆದರೂ ಮೇಲಿನ ನೀರು ಗುಲಾಬಿ ಬಣ್ಣಕ್ಕಿತ್ತು, ಕಣಗಳು ಒಡೆದಿವೆ ಅನ್ಸುತ್ತೆ. ವಾಶ್ 6 ಸಲ ಕೊಟ್ಟೆ. ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ದ್ರಾವಣದಲ್ಲಿ) ಐದು ಪಟ್ಟು ತೆಳು ಮಾಡಿದಾಗ ಸ್ವಲ್ಪ ಸರಿಹೋಯ್ತು. ಹತ್ತು ಪಟ್ಟು ಮಾಡಿದರೆ ನಾನೇ ಸ್ವಲ್ಪ ಮಾರ್ಫಿನ್ ಬೆರೆಸಿಟ್ಟ ರಕ್ತವೂ ನೆಗೆಟಿವ್! ರಕ್ತದಲ್ಲಿ ಮೂತ್ರದಷ್ಟು ಡ್ರಗ್ ಇರುವುದಿಲ್ಲ, ಹಾಗಾಗಿ ಸುಮ್ನೆ ತೆಳು ಮಾಡ್ತಾ ಹೋಗೋಕೂ ಆಗಲ್ಲ ಅಲ್ವಾ?

ನನ್ನ ಅನುಮಾನ ಕ್ಯಾಲಿಬ್ರೇಟರ್ (ಹೋಲಿಸಿ ನೋಡಲು ಇಡುವ, ಡ್ರಗ್ ಪ್ರಮಾಣ ಗೊತ್ತಿರುವ ದ್ರಾವಣ) ಮೇಲೆ. ಕಿಟ್‌ನವು ಬಫರ್‌ನಲ್ಲಿವೆ, ಸ್ಯಾಂಪಲ್ ರಕ್ತ. ಪಾಸಿಟಿವ್ ಬಂದದ್ದನ್ನು ಜಿಸಿ-ಎಂಎಸ್‌ಗೆ (ಡ್ರಗ್ಗನ್ನು ಖಚಿತಪಡಿಸುವ ಯಂತ್ರದ ಪರೀಕ್ಷೆಗೆ) ಹೊರಗೆ ಕಳಿಸುತ್ತೇವೆ, ಅದು ಗೊತ್ತು.

ರಕ್ತದಲ್ಲಿ ಮಾಡಿ ಅನುಭವ ಇರುವವರು ಹೇಳಿ: ಡ್ರಗ್ ಇಲ್ಲದ ರಕ್ತಕ್ಕೆ ಮಾರ್ಫಿನ್ ಬೆರೆಸಿ ಕ್ಯಾಲಿಬ್ರೇಟರ್ ನಾನೇ ಮಾಡಿಕೊಳ್ಳಲಾ, ಅಥವಾ ಮೊದಲು ತಣ್ಣನೆ ಅಸಿಟೋನೈಟ್ರೈಲ್ ದ್ರಾವಕ ಹಾಕಿ ರಕ್ತದ ಪ್ರೋಟೀನನ್ನು ಗಟ್ಟಿಮಾಡಿ ತಳಕ್ಕೆ ಇಳಿಸಲಾ? ಎರಡೂ ಬೇಕಾ?