91 ಪರ್ಸೆಂಟೈಲ್ ಬಂದ ಮಗಳು ಇನ್ನೊಂದು ವರ್ಷ ಕಾಯಬೇಕೆ? – ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ದ್ವಿತೀಯ ಪಿಯುಸಿಯ ವಿಜ್ಞಾನ ವಿಷಯಗಳಲ್ಲಿ ಶೇ 94 ಅಂಕ ಪಡೆದ ಮಗಳಿಗೆ ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ನಲ್ಲಿ 91 ಪರ್ಸೆಂಟೈಲ್ ಬಂದಿದೆ. ನಾವು ಸಾಮಾನ್ಯ ವರ್ಗದವರಾದ್ದರಿಂದ, ಐಐಟಿ ಪ್ರವೇಶಕ್ಕಾಗಿ ಮೇನ್ ನಂತರ ನಡೆಯುವ ಜೆಇಇ ಅಡ್ವಾನ್ಸ್ಡ್ ಬರೆಯುವ ಅರ್ಹತೆ ಸಿಗಲಿಲ್ಲ. ಸಿಇಟಿ ಮೂಲಕ ಒಳ್ಳೆಯ ಕಾಲೇಜು ಸಿಗುವಂತಿದ್ದರೂ, ಐಐಟಿಗಾಗಿ ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳ ತಂದೆ ಒಪ್ಪುತ್ತಿಲ್ಲ. ಅಕ್ಕನಿಗಾದಂತೆ ಆಗದಿರಲೆಂದು, ಎಸ್ಸೆಸ್ಸೆಲ್ಸಿ ಮುಗಿಸಿರುವ ಮಗನನ್ನು ಹೈದರಾಬಾದಿನಲ್ಲಿ ಓದಿಸುವ ಯೋಚನೆಯೂ ಇದೆ. ಏನು ಮಾಡಲಿ? – ಒಬ್ಬ ತಾಯಿ, ದಾವಣಗೆರೆ

ನಿವೃತ್ತ ಗಣಿತ ಉಪನ್ಯಾಸಕರು, ಶಿವಮೊಗ್ಗ

ತಾಯಿಯವರೇ, ನಿಮ್ಮ ಪತ್ರದಲ್ಲಿ 94 ಮತ್ತು 91 ಅಕ್ಕಪಕ್ಕ ನಿಂತಿರುವುದನ್ನು ಕಂಡು, ಮಗಳು ಸ್ವಲ್ಪದರಲ್ಲೇ ಎಡವಿದಳೆಂದು ನೀವು ಭಾವಿಸಿರುವಂತೆ ನನಗೆ ತೋರಿತು. ಇವೆರಡೂ ಬೇರೆ ಬೇರೆ ಅಳತೆಗಳು. ಪಿಯುಸಿಯ ಅಂಕ ಅವಳು ಎಷ್ಟು ಸರಿಯಾಗಿ ಬರೆದಳೆಂಬುದನ್ನು ಹೇಳುತ್ತದೆ. ಪರ್ಸೆಂಟೈಲ್ ಹೇಳುವುದು ಪರೀಕ್ಷೆ ಬರೆದವರಲ್ಲಿ ಶೇಕಡಾ ಎಷ್ಟು ಮಂದಿ ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ಅಂಕ ಪಡೆದಿದ್ದಾರೆ ಎಂಬುದನ್ನು ಮಾತ್ರ. ಜೆಇಇ ಮೇನ್ ಹಲವು ದಿನ, ಹಲವು ಪಾಳಿಗಳಲ್ಲಿ ನಡೆಯುತ್ತದೆ, ಒಂದು ಪಾಳಿಯ ಪ್ರಶ್ನೆಪತ್ರಿಕೆ ಸುಲಭವಾಗಿ ಇನ್ನೊಂದು ಕಠಿಣವಾಗಿರಬಹುದು, ಆದ್ದರಿಂದಲೇ ಕಚ್ಚಾ ಅಂಕಗಳನ್ನು ಹೀಗೆ ಪರಿವರ್ತಿಸುತ್ತಾರೆ.

ಸುಮಾರು 14 ಲಕ್ಷ ವಿದ್ಯಾರ್ಥಿಗಳು ಬರೆಯುವ ಪರೀಕ್ಷೆಯಲ್ಲಿ 91 ಪರ್ಸೆಂಟೈಲ್ ಎಂದರೆ ಅವಳ ಮುಂದೆ ಹೆಚ್ಚುಕಡಿಮೆ 1,26,000 ಮಂದಿ ಇದ್ದಾರೆ ಎಂದರ್ಥ. ಅಡ್ವಾನ್ಸ್ಡ್‌ಗೆ ಎಲ್ಲ ವರ್ಗಗಳೂ ಸೇರಿ ಸುಮಾರು 2.5 ಲಕ್ಷ ಮಂದಿಯನ್ನು ಆರಿಸುತ್ತಾರೆ, ಆದರೆ ಪ್ರತಿ ವರ್ಗಕ್ಕೂ ಕಟ್‌ಆಫ್ ಬೇರೆ ಬೇರೆ. ಸಾಮಾನ್ಯ ವರ್ಗದ ಕಟ್‌ಆಫ್ 2023ರಲ್ಲಿ 90.77 ಇದ್ದದ್ದು 2024ರಲ್ಲಿ 93.23ಕ್ಕೆ ಏರಿತು. ಅಂದರೆ ನಿಮ್ಮ ಮಗಳ ಇದೇ 91 ಒಂದು ವರ್ಷ ಬಾಗಿಲ ಒಳಗಿರುತ್ತಿತ್ತು, ಮರುವರ್ಷ ಹೊರಗುಳಿಯುತ್ತಿತ್ತು. ಮಗುವಿನ ಯೋಗ್ಯತೆಯನ್ನು ಈ ಸಂಖ್ಯೆಯಿಂದ ಅಳೆಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆದರೆ ಅಡ್ವಾನ್ಸ್ಡ್‌ಗೆ ಅರ್ಹತೆ ಪಡೆಯುವುದಕ್ಕೂ ಐಐಟಿಯಲ್ಲಿ ಸೀಟು ಪಡೆಯುವುದಕ್ಕೂ ಬಹಳ ಅಂತರವಿದೆ ಎಂಬುದನ್ನು ಅವಳಿಗೆ ಈಗಲೇ ತಿಳಿಸಿ. 2024ರಲ್ಲಿ ದೇಶದ ಎಲ್ಲ ಐಐಟಿಗಳ ಸೀಟುಗಳು ಸೇರಿ 18,000ದ ಒಳಗೇ ಇದ್ದವು.

ಗೃಹಿಣಿ, ಮೈಸೂರು

ನನ್ನ ಮಾತು ನಿಮ್ಮ ಮಗನ ಕುರಿತದ್ದು. ನಮ್ಮ ಬಂಧುಗಳೊಬ್ಬರು ನಿಮ್ಮಂತೆಯೇ ಹುಡುಗನನ್ನು ಹೊರ ರಾಜ್ಯದಲ್ಲಿ ಓದಿಸಿ ಆಮೇಲೆ ಪರಿತಪಿಸಿದ್ದನ್ನು ನೋಡಿದ್ದೇನೆ. ಸುರತ್ಕಲ್ಲಿನ ಎನ್‌ಐಟಿಕೆ ಸೇರಿದಂತೆ, ಜೆಇಇ ಮೇನ್ ಮೂಲಕ ಪ್ರವೇಶ ಸಿಗುವ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ (ಎನ್‌ಐಟಿ) ಅರ್ಧದಷ್ಟು ಸೀಟುಗಳು ಆಯಾ ರಾಜ್ಯದವರಿಗೆ ಮೀಸಲು, ಮತ್ತು ವಿದ್ಯಾರ್ಥಿ ಯಾವ ರಾಜ್ಯದವನು ಎಂಬುದನ್ನು ಅವನು ಹುಟ್ಟಿದ ಊರಾಗಲೀ ತಂದೆತಾಯಿಯ ವಾಸವಾಗಲೀ ತೀರ್ಮಾನಿಸುವುದಿಲ್ಲ. ಅವನು 12ನೇ ತರಗತಿ ಪಾಸಾದ ರಾಜ್ಯ ಯಾವುದೋ ಅದೇ ಅವನ ರಾಜ್ಯ. ಮಗ ಹೈದರಾಬಾದಿನಲ್ಲಿ ಇಂಟರ್‌ಮೀಡಿಯೇಟ್ ಮುಗಿಸಿದರೆ ಸುರತ್ಕಲ್ಲಿನಲ್ಲಿ ಅವನು ಹೊರ ರಾಜ್ಯದವನಾಗುತ್ತಾನೆ, ಬದಲಿಗೆ ವಾರಂಗಲ್ಲಿನ ಎನ್‌ಐಟಿಯಲ್ಲಿ ತೆಲಂಗಾಣದವನಾಗಿ ಸ್ಪರ್ಧಿಸಬೇಕಾಗುತ್ತದೆ. ನಮ್ಮ ಸಿಇಟಿಯ ಮಟ್ಟಿಗೆ, ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿ ಎಸ್ಸೆಸ್ಸೆಲ್ಸಿಯನ್ನು ಇಲ್ಲಿಯೇ ಪಾಸು ಮಾಡಿದ್ದರೆ ಅರ್ಹತೆಗೆ ಧಕ್ಕೆಯಿಲ್ಲ. ಮಗಳು ಪಿಯುಸಿ ಮುಗಿಸಿಯಾಗಿರುವುದರಿಂದ ಅವಳು ಎಲ್ಲಿ ಕೋಚಿಂಗ್ ಪಡೆದರೂ ಕರ್ನಾಟಕದವಳೇ.

ಎಂಜಿನಿಯರ್, ಹುಬ್ಬಳ್ಳಿ

ತಂದೆಯವರ ಮಾತಿಗೆ ನನ್ನ ಸಹಮತವಿದೆ. ಎಂಜಿನಿಯರಿಂಗ್‌ನ ಸಿಇಟಿ ರ್‍ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಪರಿಗಣನೆಯಾಗುವುದರಿಂದ, ಎರಡು ವರ್ಷ ಶ್ರದ್ಧೆಯಿಂದ ಪಠ್ಯ ಓದಿದ ನಿಮ್ಮ ಮಗಳಂಥವರಿಗೆ ನ್ಯಾಯ ಸಿಗುವ ದಾರಿ ಇದೇ ಎಂದು ನಾನು ನಂಬಿದ್ದೇನೆ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಆರಂಭವಾದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇಗೆ ಇಂದಿಗೂ ಪ್ರವೇಶ ಸಿಗುವುದು ಸಿಇಟಿಯಿಂದಲೇ. ಐಐಟಿಯ ಆಸೆಯನ್ನು ಅವಳು ಬಿಡಬೇಕಾಗಿಯೂ ಇಲ್ಲ. ಬಿ.ಇ. ಮೂರನೆಯ ವರ್ಷದಿಂದಲೇ ಗೇಟ್ ಪರೀಕ್ಷೆ ಬರೆಯಬಹುದು, ಒಳ್ಳೆಯ ಅಂಕ ಬಂದರೆ ಎಂ.ಟೆಕ್.ಗೆ ಐಐಟಿಗಳಲ್ಲಿ ಮಾತ್ರವಲ್ಲದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಅವಕಾಶವಿದೆ. ನನ್ನ ಸಹೋದ್ಯೋಗಿಗಳಲ್ಲಿ ಹೀಗೆ ಹೋದವರಿದ್ದಾರೆ, ಅವರ ಕೆಲಸದಲ್ಲಿ ನಾನು ಯಾವ ಕೊರತೆಯನ್ನೂ ಕಂಡಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕಲಬುರಗಿ

ಅಮ್ಮಾ, ಲಾಂಗ್ ಟರ್ಮ್ ಮಾಡಿಯೇ ನಾನು ಈಗಿನ ಕಾಲೇಜಿಗೆ ಬಂದವಳು, ಆದ್ದರಿಂದ ಅಕ್ಕರೆಯಿಂದಲೇ ನಿಮ್ಮ ಮಗಳ ಪಕ್ಷ ವಹಿಸುತ್ತೇನೆ. ಆದರೆ ನಿರ್ಧಾರಕ್ಕೆ ಮುನ್ನ ಅವಳು ತನ್ನ ಉತ್ತರಗಳನ್ನು ಕೀ ಉತ್ತರಗಳೊಂದಿಗೆ ಇಟ್ಟು ನೋಡಲಿ. ಜೆಇಇ ಮೇನ್‌ನಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಾದರೆ ಒಂದು ಅಂಕ ಕಡಿತ. ಸಿಇಟಿಯಲ್ಲಿ ಕಡಿತವೇ ಇಲ್ಲ. ಗೊತ್ತಿದ್ದ ಪ್ರಶ್ನೆಗಳನ್ನು ಸಮಯ ಸಾಲದೆ ಬಿಟ್ಟಿದ್ದರೆ, ಊಹೆಯಿಂದ ಗುರುತು ಹಾಕಿ ಅಂಕ ಕಳೆದುಕೊಂಡಿದ್ದರೆ, ಒಂದು ವರ್ಷದ ಅಭ್ಯಾಸ ಅದನ್ನು ಖಂಡಿತ ಸರಿಪಡಿಸುತ್ತದೆ. ಪಾಠಗಳೇ ಅರ್ಥವಾಗದೆ ಉಳಿದಿದ್ದರೆ ಅದೇ ತರಗತಿಯಲ್ಲಿ ಅದೇ ವೇಗದಲ್ಲಿ ಮತ್ತೆ ಕುಳಿತು ಪ್ರಯೋಜನವಾಗುವುದು ಕಷ್ಟ.

ಇನ್ನೊಂದು ವಿಷಯ ಅವಳಿಗೆ ಸ್ಪಷ್ಟವಿರಲಿ. ಅಡ್ವಾನ್ಸ್ಡ್ ಅನ್ನು ಪಿಯುಸಿ ಮುಗಿಸಿದ ವರ್ಷ ಮತ್ತು ಅದರ ಮರುವರ್ಷ ಮಾತ್ರ ಬರೆಯಬಹುದಾದ್ದರಿಂದ ಮುಂದಿನ ವರ್ಷವೇ ಅವಳ ಮೊದಲ ಮತ್ತು ಕೊನೆಯ ಅವಕಾಶ. ಹಾಸ್ಟೆಲ್‌ನಲ್ಲಿ ಪ್ರತಿ ವಾರದ ಪರೀಕ್ಷೆಯ ರ್‍ಯಾಂಕ್ ಪಟ್ಟಿ ಗೋಡೆಗೆ ಅಂಟಿಸಿದಾಗ ಅಳುತ್ತಿದ್ದವರೊಂದಿಗೆ ನಾನೂ ಅತ್ತಿದ್ದೇನೆ, ಹಾಗಾಗಿ ಮನೆಯಿಂದಲೇ ಹೋಗಿಬರುವ ಕೋಚಿಂಗ್ ಇದ್ದರೆ ಅದನ್ನೇ ಆರಿಸಿಕೊಳ್ಳಲಿ. ಅಲ್ಲಿಯವರೆಗೆ ಸಿಇಟಿಯ ಆಪ್ಷನ್ ಎಂಟ್ರಿಯನ್ನು (ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಆದ್ಯತೆಯಂತೆ ದಾಖಲಿಸುವುದನ್ನು) ಬಿಡಬೇಡಿ. ಅಣಕು ಸೀಟು ಹಂಚಿಕೆಯಲ್ಲಿ ಯಾವ ಕಾಲೇಜು, ಯಾವ ಬ್ರಾಂಚ್ ಬರುತ್ತದೆಂದು ಕಂಡ ಮೇಲೆ, ಶುಲ್ಕ ಕಟ್ಟುವ ಮುನ್ನ ಸೀಟು ರದ್ದತಿಯ ನಿಯಮಗಳನ್ನು ಓದಿಕೊಂಡು, ಅಪ್ಪ ಮತ್ತು ಮಗಳು ಕುಳಿತು ಮಾತನಾಡಲಿ.