ಪನೀರ್ ತಿಂದ್ರೆ ಹಸಿವೇ ಇಲ್ಲ, ಮ್ಯಾಂಗೋ ಯೋಗರ್ಟ್ ತಿಂದ್ರೆ ಶುಗರ್ ಏರುತ್ತೆ. ಎರಡೂ ಹಾಲಿಂದಲೇ ಅಲ್ವಾ?

ದಾವಣಗೆರೆ ಲೆಕ್ಕದವ

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ಬೆಳಗ್ಗೆ ಹತ್ತಕ್ಕೆ ಕೂತರೆ ರಾತ್ರಿ ಒಂಬತ್ತಕ್ಕೆ ಏಳೋದು. ಎರಡು ತಿಂಗಳ ಹಿಂದೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.1 ಬಂತು. ‘ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಹೊಸ್ತಿಲ ಮೇಲೆ ನಿಂತಿದ್ದೀರಿ’ ಅಂದರು ಡಾಕ್ಟರು. ಮಾತ್ರೆ ಕೊಟ್ಟಿಲ್ಲ.

ಊಟ ಹೆಂಗೋ ಸರಿ ಮಾಡಿಕೊಂಡೆ. ತೊಂದರೆ ಇರೋದು ಸಂಜೆ ಐದಕ್ಕೆ. ಅಂಗಡಿ ಹುಡುಗ ಖಾರ ಮಂಡಕ್ಕಿ, ಜೊತೆಗೆ ಎರಡು ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬರುತ್ತಾನೆ. ಇಪ್ಪತ್ತು ವರ್ಷದ ಅಭ್ಯಾಸ. ಈ ಊರಲ್ಲಿದ್ದು ಮಂಡಕ್ಕಿ ಬೇಡ ಅನ್ನೋದು ಸುಮ್ನೆ ಮಾತಲ್ಲ.

ಮಗಳು ಗ್ಲೂಕೋಮೀಟರ್ ತಂದುಕೊಟ್ಟಳು. ಲೆಕ್ಕದವನ ಕೈಗೆ ಯಂತ್ರ ಸಿಕ್ಕರೆ ಬಿಡ್ತೀನಾ? ಹಳೇ ಕ್ಯಾಲೆಂಡರ್ ಹಿಂದೆ ಎಲ್ಲ ಬರೆದಿಟ್ಟಿದ್ದೇನೆ. ಐದಕ್ಕೆ ತಿನ್ನೋದು, ಆರಕ್ಕೆ ಬೆರಳು ಚುಚ್ಚೋದು. ತಿನ್ನುವ ಮೊದಲು ಶುಗರ್ ದಿನಾ 100ರ ಆಸುಪಾಸು ಇರುತ್ತೆ.

ಮಂಡಕ್ಕಿ, ಮೆಣಸಿನಕಾಯಿ, ಸಕ್ಕರೆ ಹಾಕಿದ ಟೀ: 184. ಏಳೂವರೆಗೆ ಮತ್ತೆ ಬಿಸ್ಕತ್ತಿನ ಡಬ್ಬಿಗೆ ಕೈ ಹೋಗಿತ್ತು.

ಪನೀರ್ 80 ಗ್ರಾಂ, ತವದ ಮೇಲೆ ಬೆಚ್ಚಗೆ ಮಾಡಿ ಕಾಳುಮೆಣಸಿನ ಪುಡಿ ಉದುರಿಸಿದ್ದು: 112. ಮನೆಗೆ ಹೋಗುವವರೆಗೂ ಹಸಿವಿನ ನೆನಪೇ ಬರಲಿಲ್ಲ. ಎರಡು ರೊಟ್ಟಿಗೆ ಊಟ ಮುಗಿಯಿತು. ಹುಷಾರಿಲ್ವಾ ಅಂತ ಹೆಂಡತಿ ಕೇಳಿದಳು.

ಒಂದು ಲೋಟ ಮಜ್ಜಿಗೆ: 106. ಆದರೆ ಆರು ಗಂಟೆಗೇ ಹೊಟ್ಟೆ ಚುರ್ ಅಂತು.

ಮ್ಯಾಂಗೋ ಯೋಗರ್ಟ್ ಎರಡು ಕಪ್: 161. ಕಪ್ಪಿನ ಮೇಲೆ ಪ್ರೋಟೀನ್ ಅಂತ ದೊಡ್ಡದಾಗಿ ಬರೆದಿತ್ತು. ಅದಕ್ಕೇ ತಂದಿದ್ದು!

ಎಲ್ಲ ಹಾಲಿನ ಮಕ್ಕಳೇ ಅಲ್ವಾ? ಹಿಂಗ್ಯಾಕೆ? ಇನ್ನೊಂದು: ಮೊದಲು ಸ್ವಲ್ಪ ಪನೀರ್ ತಿಂದು ಆಮೇಲೆ ಮಂಡಕ್ಕಿ ತಿಂದರೆ ನಡೆಯುತ್ತಾ? ಪೂರ್ತಿ ಬಿಡಿ ಅಂತ ಮಾತ್ರ ಹೇಳಬೇಡಿ.

ಮೈಸೂರು ಡಯಟಿಶಿಯನ್

ಸಾರ್, ನಿಮ್ಮಷ್ಟು ಚೆನ್ನಾಗಿ ಬರೆದಿಟ್ಟುಕೊಂಡು ಬರೋರು ನಮಗೆ ಅಪರೂಪ.

ಮೊದಲು ಆ ಕಪ್ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ. ಇಂಥ ಹಣ್ಣಿನ ಯೋಗರ್ಟ್‌ನಲ್ಲಿ ಸಾಮಾನ್ಯವಾಗಿ ಪ್ರೋಟೀನ್‌ಗಿಂತ ಸಕ್ಕರೆ ಎಷ್ಟೋ ಜಾಸ್ತಿ ಇರುತ್ತೆ. ಮಜ್ಜಿಗೆಯದು ಬೇರೆ ಕಥೆ. ಒಂದು ಲೋಟ ಮಜ್ಜಿಗೆಗೆ ಹಾಕೋದು ಕಾಲು ಲೋಟ ಮೊಸರು. ಅದರಲ್ಲಿ ಪ್ರೋಟೀನ್ ಎರಡು ಗ್ರಾಂ ಕೂಡ ಬರಲ್ಲ. ಶುಗರ್ ಏರಲಿಲ್ಲ ಸರಿ, ಹೊಟ್ಟೆ ಯಾಕೆ ತುಂಬಬೇಕು? 80 ಗ್ರಾಂ ಪನೀರ್‌ನಲ್ಲಾದರೆ 15 ಗ್ರಾಂ ಹತ್ತಿರ ಪ್ರೋಟೀನ್ ಇರುತ್ತೆ.

ಹಾಲಿನ ಪ್ರೋಟೀನ್‌ನಲ್ಲಿ ನೂರಕ್ಕೆ 80 ಭಾಗ ಕೇಸೀನ್, 20 ಭಾಗ ವೇ, ಅಂದರೆ ಹಾಲು ಒಡೆದಾಗ ನೀರಿನಲ್ಲಿ ಉಳಿಯುವ ಪ್ರೋಟೀನ್. ಬಿಸಿ ಹಾಲಿಗೆ ನಿಂಬೆಹಣ್ಣು ಹಿಂಡಿದಾಗ ಗಟ್ಟಿ ಕಟ್ಟುತ್ತಲ್ಲ, ಅದರಲ್ಲಿ ಹೆಚ್ಚಿನದು ಕೇಸೀನ್. ಹಾಲು ಕುಡಿದರೂ ಹೊಟ್ಟೆಯ ಆಮ್ಲಕ್ಕೆ ಅದು ಹಾಗೇ ಹೆಪ್ಪುಗಟ್ಟಿ ನಿಧಾನ ಕರಗುತ್ತೆ. ವೇ ಬೇಗ ಇಳಿದುಹೋಗುತ್ತೆ, ಇನ್ಸುಲಿನ್ ಬೇಗ ಬಿಡುಗಡೆ ಆಗುವ ಹಾಗೆ ಮಾಡುತ್ತೆ. ಪ್ರೋಟೀನ್ ಕರುಳಿಗೆ ಮುಟ್ಟಿದಾಗ ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಕೂಡ ಬರುತ್ತೆ. ಅದು ಮೆದುಳಿಗೆ ‘ಸಾಕು’ ಅನ್ನುತ್ತೆ, ಹೊಟ್ಟೆ ಖಾಲಿಯಾಗೋದನ್ನ ತಡ ಮಾಡುತ್ತೆ. ತೂಕ ಇಳಿಸೋಕೆ ಈಗ ಎಲ್ಲರೂ ಮಾತಾಡುವ ಇಂಜೆಕ್ಷನ್‌ಗಳು ಇದೇ ಹಾರ್ಮೋನಿನ ನಕಲು. ಪನೀರ್ ಅಷ್ಟು ಜೋರಲ್ಲ ಬಿಡಿ.

ನಿಮ್ಮ ಎರಡನೇ ಪ್ರಶ್ನೆಗೆ: ನಡೆಯುತ್ತೆ. ಪ್ರೋಟೀನ್ ಮೊದಲು, ಅಕ್ಕಿಯ ಪದಾರ್ಥ ಆಮೇಲೆ ತಿಂದರೆ ಏರುವ ಎತ್ತರ ಕಡಿಮೆಯಾಗುತ್ತೆ. ಆದರೆ ಮಂಡಕ್ಕಿ ಅರ್ಧ ಮಾಡಿ. 80 ಗ್ರಾಂ ಪನೀರ್ ಅಂದರೆ 200 ಕ್ಯಾಲರಿಗೂ ಮೇಲೆ. ಅದನ್ನೂ ತಿಂದು ಇದನ್ನೂ ಪೂರ್ತಿ ತಿಂದರೆ ಹೊಟ್ಟೆ ಮುಂದೆ ಬರುತ್ತೆ.

ಹುಬ್ಬಳ್ಳಿ ಅಕ್ಕ

ಅಣ್ಣಾರೆ, ದಿನಾ ಪನೀರ್ ತಂದು ಪೂರೈಸೋದು ಕಷ್ಟ. ನಮ್ಮ ಮನೆಯಲ್ಲಿ ಮೊಸರು ಕಟ್ಟುತ್ತೇವೆ. ಅರ್ಧ ಲೀಟರ್ ಮೊಸರನ್ನ ಹಳೇ ಧೋತರದ ತುಂಡಿಗೆ ಸುರಿದು ಗಂಟು ಹಾಕಿ ನಲ್ಲಿಗೆ ತೂಗುಹಾಕೋದು. ನಾಲ್ಕು ತಾಸಿಗೆ ಅರ್ಧದಷ್ಟು ಉಳಿಯುತ್ತೆ, ಚಮಚ ನೆಟ್ಟರೆ ನಿಲ್ಲಬೇಕು. ಹಾಲಿನ ಸಕ್ಕರೆ ಸ್ವಲ್ಪ ನೀರಿನ ಜೊತೆ ಹೋಗಿರುತ್ತೆ, ಪ್ರೋಟೀನ್ ಬಟ್ಟೆಯಲ್ಲಿ ಒತ್ತೊತ್ತಾಗಿ ಉಳಿದಿರುತ್ತೆ. ಅದಕ್ಕೆ ಅಗಸಿ ಚಟ್ನಿಪುಡಿ, ಉಪ್ಪು ಕಲಸಿ ಸೌತೆಕಾಯಿ ಹೋಳಿನ ಜೊತೆ ತಿನ್ನಿ. ಬಸಿದ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸೋಕೆ ಬರುತ್ತೆ.

ನಮ್ಮ ಮೈದುನ ಇದಕ್ಕೇ ಸಕ್ಕರೆ, ಏಲಕ್ಕಿ ಹಾಕಿಕೊಂಡು ‘ಡಯಟ್’ ಅಂತ ಒಂದು ತಿಂಗಳು ತಿಂದ. ಅದು ಶ್ರೀಖಂಡ ಅಲ್ಲೇನು ಅಂತ ಕೇಳಿದ್ದಕ್ಕೆ ಸಿಟ್ಟು ಬಂತು ಅವನಿಗೆ.

ಹಾಸನದವನು

ಮಾತ್ರೆ ತಗೊಳ್ಳೋರು ಇದನ್ನ ಓದುತ್ತಿದ್ದರೆ ಒಂದು ಮಾತು. ನಮ್ಮಪ್ಪ ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ತಗೊಳ್ತಾರೆ. ಶುಗರ್ ಇಳಿಸಬೇಕು ಅಂತ ಒಂದು ರಾತ್ರಿ ಊಟ ಬಿಟ್ಟು ಬರೀ ಪನೀರ್ ತಿಂದು ಮಲಗಿದರು. ಎರಡು ಗಂಟೆಗೆ ಬೆವರಿ ನಡುಗುತ್ತಾ ಎದ್ದರು. ಮೀಟರ್‌ನಲ್ಲಿ 58. ಸಕ್ಕರೆ ನೀರು ಕುಡಿಸಿ ಕೂರಿಸಿದೆವು. ಮಾತ್ರೆ ಹಾಗೇ ಇಟ್ಟುಕೊಂಡು ಅನ್ನ, ಮುದ್ದೆ ತೆಗೆಯಬಾರದಂತೆ, ಡಾಕ್ಟರನ್ನ ಕೇಳಿಯೇ ಮಾಡಬೇಕಂತೆ. ಕಿಡ್ನಿ ತೊಂದರೆ ಇರೋರೂ ಪ್ರೋಟೀನ್ ಹೆಚ್ಚಿಸುವ ಮೊದಲು ಕೇಳಬೇಕು.

ಲೆಕ್ಕದ ಸಾರ್, ಬೆರಳು ಚುಚ್ಚುವ ಮೊದಲು ಕೈ ತೊಳೀತೀರಾ?

ದಾವಣಗೆರೆ ಲೆಕ್ಕದವ

ಹಾಸನದ ತಮ್ಮ ಸರಿಯಾಗಿ ಹಿಡಿದ! ಯೋಗರ್ಟ್ ಕಪ್ಪಿನ ಮುಚ್ಚಳ ಬೆರಳಲ್ಲಿ ಸವರಿ ನೆಕ್ಕಿದ್ದೆ. ಅದೇ ಕೈಯನ್ನ ಪ್ಯಾಂಟಿಗೆ ಒರೆಸಿ ಚುಚ್ಚಿದ್ದು. ನಿನ್ನೆ ಸೋಪು ಹಾಕಿ ತೊಳೆದು ಮತ್ತೆ ನೋಡಿದೆ. ಅದೇ ಯೋಗರ್ಟ್, ಎರಡೇ ಕಪ್: 147. ಹದಿನಾಲ್ಕು ಮುಚ್ಚಳದ್ದೋ, ಯಂತ್ರದ್ದೋ ಗೊತ್ತಿಲ್ಲ. ಆದರೂ ಏರಿದ್ದು ಏರಿದ್ದೇ. ಕಪ್ ತಿರುಗಿಸಿ ಓದಿದೆ ಮೇಡಂ: 100 ಗ್ರಾಂಗೆ ಸಕ್ಕರೆ 15 ಗ್ರಾಂ, ಪ್ರೋಟೀನ್ ಮೂರೂವರೆ. ನೂರು ಗ್ರಾಂನ ಎರಡು ಕಪ್ಪಿಗೆ 30 ಗ್ರಾಂ ಸಕ್ಕರೆ! ಲೆಕ್ಕದವನಾಗಿ ಇದನ್ನ ನೋಡಲಿಲ್ಲವಲ್ಲ ಅಂತ ನಾಚಿಕೆಯಾಯ್ತು.

ಇವತ್ತು ಮುಕ್ಕಾಲು ಗಂಟೆ ಮೊದಲು, ಅಂದರೆ ನಾಲ್ಕೂಕಾಲಿಗೆ, 50 ಗ್ರಾಂ ಪನೀರ್ ತಿಂದೆ. ಐದಕ್ಕೆ ಅರ್ಧ ಮಂಡಕ್ಕಿ, ಒಂದೇ ಮೆಣಸಿನಕಾಯಿ, ಸಕ್ಕರೆ ಇಲ್ಲದ ಟೀ. ಆರಕ್ಕೆ 136. ಅರ್ಧ ಮಾಡಿದ್ದಕ್ಕೆ ಎಷ್ಟು ಇಳಿಯಿತು, ಪನೀರ್‌ಗೆ ಎಷ್ಟು ಅನ್ನೋದು ಬೇರೆ ಮಾಡೋಕಾಗಲ್ಲ. ನಾಳೆ ಪನೀರ್ ಇಲ್ಲದೆ ಬರೀ ಅರ್ಧ ಮಂಡಕ್ಕಿ ತಿಂದು ನೋಡ್ತೀನಿ.

ಹುಬ್ಬಳ್ಳಿ ಅಕ್ಕಾರೆ, ಈ ಬಿಸಿಲಿಗೆ ನಲ್ಲಿಗೆ ಕಟ್ಟಿದ ಮೊಸರು ಹುಳಿ ಬರಲ್ವಾ?

ಹುಬ್ಬಳ್ಳಿ ಅಕ್ಕ

ಬರುತ್ತೆ. ಬೇಸಿಗೆಯಲ್ಲಿ ಗಂಟನ್ನ ಜರಡಿಯಲ್ಲಿಟ್ಟು, ಕೆಳಗೆ ಬೋಗುಣಿ ಇಟ್ಟು ಫ್ರಿಜ್‌ನಲ್ಲಿಡಿ. ರಾತ್ರಿ ಇಟ್ಟರೆ ಬೆಳಗ್ಗೆ ಡಬ್ಬಿಗೆ ತುಂಬಿಕೊಂಡು ಅಂಗಡಿಗೆ ಒಯ್ಯಬಹುದು.